ಕಲ್ಪಾಕಿನ ಎರಡು ಮಡಿಕೆ

ಏಪ್ರಿಲ್‌ನ ಆ ಮಧ್ಯಾಹ್ನ ಕಲ್ಪಾಕ್ ಟೋಪಿಯನ್ನು ಮತ್ತೆ ತಲೆಗೆ ಇಟ್ಟುಕೊಂಡಾಗ ಅದರ ಮುಂದು ಮುಂದಕ್ಕೇ ಇತ್ತೋ ಹಿಂದಕ್ಕೆ ತಿರುಗಿತ್ತೋ ಎಂಬುದು, ಎಷ್ಟು ತಿಣುಕಿದರೂ, ಎರ್ಗೆಶ್‌ಗೆ ನೆನಪಾಗುತ್ತಿರಲಿಲ್ಲ. ಒಂಬತ್ತು ದಿನದಿಂದ ಇದೊಂದೇ ಪ್ರಶ್ನೆ. ಒಲೆಗೆ ಬೆರಣಿ ಹಾಕುವಾಗ ಇದೇ, ಬೂಟಿನ ದಾರ ಕಟ್ಟುವಾಗ ಇದೇ, ಈಗ ಜೀಪಿನಲ್ಲಿ ಸಾಲ್ಟಾನತ್‌ಳ ಪಕ್ಕ ಮೊಣಕಾಲು ಮಡಚಿ ಕುಳಿತು ಅಲಾಯ್ ಕಣಿವೆಯ ಏರುದಾರಿ ಹತ್ತುವಾಗಲೂ ಇದೇ. ಅವಳೇ ಗಾಡಿ ಓಡಿಸುತ್ತಿದ್ದಳು. ಮಗಳ ವಯಸ್ಸಿನ ಹೆಂಗಸು ಗಾಡಿ ಓಡಿಸುತ್ತಿರುವಾಗ ಪಕ್ಕದಲ್ಲಿ ಮೂಟೆಯ ಹಾಗೆ ಕೂರುವುದು ಅವನಿಗೆ ಒಗ್ಗಿರಲಿಲ್ಲ, ಒಗ್ಗುವುದೂ ಇಲ್ಲ. ನವೆಂಬರಿನ ಚಳಿಗೆ ಕಿವಿ ಮುಚ್ಚುವ ಟೋಪಿ ಹಾಕಿಕೊಂಡು ಹೋಗಿ ಎಂದು ಹೆಂಡತಿ ಬಾಗಿಲವರೆಗೆ ಬಂದು ಹೇಳಿದ್ದಳು. ಅವನು ಹಟಕ್ಕೆ ಬಿದ್ದವನಂತೆ ಈ ಹಳೆಯ ಕಲ್ಪಾಕನ್ನೇ ಏರಿಸಿಕೊಂಡು ಬಂದಿದ್ದ. ನಾಲ್ಕು ಪಟ್ಟಿ ಬಿಳಿ ಉಣ್ಣೆ ಕೂಡಿಸಿ ಹೊಲಿದದ್ದು, ಸುತ್ತಲೂ ಅಂಚು ಮೇಲಕ್ಕೆ ಮಡಚಿದ್ದು, ಇಪ್ಪತ್ತು ವರ್ಷದ ಹಳೆಯದು. ಹೆಂಡತಿ ಒಂಬತ್ತು ದಿನದ ಹಿಂದೆ ಅದಕ್ಕೆ ಸೀಮೆಸುಣ್ಣ ತಿಕ್ಕುತ್ತ, ಏನೂ ಅರಿಯದವಳು, "ಇದಕ್ಕೆ ಮುಂದು ಯಾವ್ದು ಹಿಂದು ಯಾವ್ದು, ನನಗಂತೂ ಗೊತ್ತಾಗಲ್ಲಪ್ಪ" ಅಂದಿದ್ದಳು. ಆ ಮಧ್ಯಾಹ್ನದ ಅನುಮಾನ ಅವನಿಗೆ ಹೊಳೆದದ್ದು ಆಗಲೇ.

ಆ ಮಧ್ಯಾಹ್ನ ಅದರ ಅಂಚಿನ ಬಲಮಡಿಕೆಯಲ್ಲಿ ಇಪ್ಪತ್ತೇಳನೇ ನಂಬರಿನ ಹೋತದ ತುಪ್ಪಳ, ಎಡಮಡಿಕೆಯಲ್ಲಿ ಮೂವತ್ತೊಂದನೆಯದರದ್ದು. ಹಾಗೆ ಸಿಕ್ಕಿಸಿಕೊಳ್ಳುವುದು ಅವನ ಹಳೆಯ ಚಾಳಿ, ಕೊಲ್ಖೋಜ್ ಎಂಬ ಸಾಮೂಹಿಕ ಬೇಸಾಯದ ಕಾಲದ್ದು. ಪ್ರಾಣಿಯನ್ನು ಕೆಡವಿ, ಪಕ್ಕೆಯ ಮೇಲೆ ಅಂಗೈಯಗಲ ಕೂದಲನ್ನು ಬುಡಕ್ಕೆ ಕತ್ತರಿಸಿ, ಚಿಕ್ಕ ಕಾಗದದ ಚೀಲಕ್ಕೆ ತುಂಬಿ ನಂಬರು ಬರೆಯಬೇಕು. ಅದೂ ಕತ್ತರಿಸುವ ಮೊದಲೇ ಬರೆದಿಟ್ಟುಕೊಳ್ಳಬೇಕು ಎಂದು ಸಾಲ್ಟಾನತ್ ತಳಿ ಸುಧಾರಿಸುವ ಯೋಜನೆ ನಡೆಸಲು ನಗರದಿಂದ ಬಂದ ಮೊದಲ ದಿನವೇ ಹೇಳಿದ್ದಳು. ಎಲ್ಲರ ಮುಂದೆ, ಅಣ್ಣನೆಂಬ ಅಕೆ ಸೇರಿಸಿಯೇ ಹೇಳಿದ್ದಳು. "ಎರ್ಗೆಶ್ ಅಕೆ, ಮೊದಲು ಪೆನ್ನು, ಆಮೇಲೆ ಕತ್ತರಿ. ಮರೀಬೇಡಿ." ಮೂವತ್ತು ವರ್ಷ ಮೇಕೆಯ ಹೊಟ್ಟೆಯಡಿ ಬದುಕಿದವನಿಗೆ ಪಾಠ. ಕುಳಿತಿದ್ದವರಲ್ಲಿ ಯಾರೋ ಕೆಮ್ಮಿದರು, ಆ ಕೆಮ್ಮಿನಲ್ಲಿ ನಗು ಇತ್ತು. ಅಂದಿನಿಂದ ಅವನು ಬೇಕೆಂದೇ ಮೊದಲು ಕತ್ತರಿಸುತ್ತಿದ್ದ, ಆಮೇಲೆ ಬರೆಯುತ್ತಿದ್ದ. ಮುನ್ನೂರ ಹನ್ನೆರಡು ಮೇಕೆಗಳಲ್ಲಿ ಒಂದೂ ತಪ್ಪಿರಲಿಲ್ಲ, ಏಕೆಂದರೆ ಕಲ್ಪಾಕ್ ತಲೆಯ ಮೇಲೇ ಇರುತ್ತಿತ್ತು. ಆಯ್ಪಾಶಾ ಎಂಬ ಮುದುಕಿಯ ದೊಡ್ಡಿಯಲ್ಲಿ ಮಾತ್ರ, ಈ ಎರಡು ಹೋತಗಳ ಸರದಿಯಲ್ಲಿ, ಅದು ಕಣ್ಣಿಗೆ ಇಳಿದು ಕಾಟ ಕೊಟ್ಟಿತೆಂದು ತೆಗೆದು ಮೊಣಕಾಲಿನ ಪಕ್ಕ ನೆಲದ ಮೇಲಿಟ್ಟ. ನೆಲದ ಮೇಲೆ ಕಲ್ಪಾಕ್. ಅದನ್ನು ಕಂಡು ಆ ಮುದುಕಿ, ಅವನ ಮುಖ ಕಂಡರೆ ಉಗುಳುವ ಮುದುಕಿ, ಬಂದು ಎತ್ತಿ, ಮೇಲಿನ ಧೂಳನ್ನು ಅಂಗೈಯಿಂದ ಎರಡು ಸಲ ಒರೆಸಿ, ದೊಡ್ಡಿಯ ಗೂಟದ ತುದಿಗೆ ಇಟ್ಟುಹೋದಳು. ಕೆಲಸ ಮುಗಿದ ಮೇಲೆ ಅವನು ಗೂಟದಿಂದ ತೆಗೆದು ತಲೆಗಿಟ್ಟುಕೊಂಡ, ಬಲಮಡಿಕೆಯಿಂದ ತುಪ್ಪಳ ತೆಗೆದ, ಚೀಲದ ಮೇಲೆ ಇಪ್ಪತ್ತೇಳು ಎಂದು ಬರೆದ. ಬಲ ಬಲವೇ ಆಗಿತ್ತೋ ಇಲ್ಲವೋ ಅಲ್ಲಾನಿಗೇ ಗೊತ್ತು.

"ಇವತ್ತು ಬೇಗ ಮುಗಿಸೋಣ ಅಕೆ," ಎಂದಳು ಸಾಲ್ಟಾನತ್ ರಸ್ತೆಯಿಂದ ಕಣ್ಣು ತೆಗೆಯದೆ. "ಎರಡೇ ಹೋತ. ಮೂವತ್ತೊಂದು ಉಳಿಯತ್ತೆ, ಇಪ್ಪತ್ತೇಳರ ಬೀಜ ತೆಗೀತೀರಿ. ಅಜ್ಜಿ ಗಲಾಟೆ ಮಾಡಿದ್ರೆ ನಾನು ಮಾತಾಡ್ತೀನಿ, ನೀವು ಬಾಯಿ ಹಾಕಬೇಡಿ."

ಆಯ್ತು ಎಂದು ತಲೆಯಾಡಿಸಿದ. ಅವಳ ತೊಡೆಯ ಪಕ್ಕ ರಟ್ಟಿನ ಕಡತ, ಅದರೊಳಗೆ ಪ್ರಯೋಗಶಾಲೆಯಿಂದ ಬಂದ ಹಾಳೆ. ಅದನ್ನು ಅವನು ಬಾಯಿಪಾಠ ಮಾಡಿದ್ದ. ಮೂವತ್ತೊಂದು: ಹದಿನಾಲ್ಕೂ ಮೂರು ಹತ್ತಾಂಶ ಮೈಕ್ರಾನ್. ಇಪ್ಪತ್ತೇಳು: ಹದಿನೆಂಟೂ ಆರು. ಎಳೆ ತೆಳುವಾದಷ್ಟೂ ಬೆಲೆ. ಹದಿನಾಲ್ಕು ಎಂದರೆ ಈ ಕಣಿವೆಯಲ್ಲೇ ಅತಿ ನಯ, ಹದಿನೆಂಟು ಎಂದರೆ ಹಾಸಿಗೆ ತುಂಬಲಿಕ್ಕೆ. ಮೂವತ್ತೊಂದು ಬಿಳಿ ಹೋತ, ಎತ್ತರದ್ದು, ಎಂಬತ್ತೈದರಲ್ಲಿ ಅವನೇ ಲಾರಿಯಲ್ಲಿ ತಂದಿಳಿಸಿದ ಹೊರನಾಡಿನ ಹೋತಗಳ ಮರಿಮರಿಮೊಮ್ಮಗ. ಇಪ್ಪತ್ತೇಳು ಕಂದು, ಗಿಡ್ಡ, ಇಲ್ಲಿನದೇ ಹಳೆಯ ತಳಿ. ಯಾವುದನ್ನು ಅವನು ಆ ವರ್ಷ ಹಿಂಡು ಹಿಂಡಾಗಿ ಬೀಜ ತೆಗೆದು ನಿರ್ವಂಶ ಮಾಡಿದ್ದನೋ ಅದರ ಕೊನೆಯ ಕುಡಿ. ತೂಕ ಬೇಕು, ಪ್ರತಿ ಮೇಕೆಗೂ ಒಂದು ಕಿಲೋ ಬೇಕು ಎಂದು ಮೇಲಿನಿಂದ ಆಜ್ಞೆ ಬಂದಿತ್ತು. ಇಪ್ಪತ್ತಾರು ವಯಸ್ಸಿನ ಪಶುತಜ್ಞ, ಎದೆಯ ಮೇಲೆ ಬ್ಯಾಡ್ಜು, ಕೈಯಲ್ಲಿ ಚಾಕು. ತೂಕ ಬಂತು. ನಯ ಹೋಯಿತು. ಕೊಲ್ಖೋಜ್ ಮುಳುಗಿದ ಮೇಲೆ ಬಂದ ವ್ಯಾಪಾರಿಗಳು ತುಪ್ಪಳವನ್ನು ಬೆರಳಲ್ಲಿ ಹೊಸಕಿ, ಮೂಗು ಮುರಿದು, ಗಡಿಯಾಚೆ ಹೋದರು. ಅಂದಿನಿಂದ ಕಣಿವೆಗೆ ಅವನು ಎರ್ಗೆಶ್ ಅಲ್ಲ, ಚಾಕು. ಮದುವೆಮನೆಯಲ್ಲೂ ಚಾಕು, ಸಾವಿನ ಮನೆಯಲ್ಲೂ ಚಾಕು. ಈಗ ಇಪ್ಪತ್ತೆಂಟು ವರ್ಷದ ಮೇಲೆ ಈ ಹಾಳೆ. ಹಾಳೆ ಬಂದ ದಿನ ಸಾಲ್ಟಾನತ್ ಅವನ ಕೈ ಕುಲುಕಿ, "ನೀವು ತಂದ ತಳೀಲೇ ಇಷ್ಟು ನಯ ಇದೆ ಅಂತ ಯಾರಿಗೆ ಗೊತ್ತಿತ್ತು ಅಕೆ," ಎಂದಿದ್ದಳು. ಅವನು ಹಾಳೆಯ ಪ್ರತಿ ಮಾಡಿಸಿಕೊಂಡು ಚಹದಂಗಡಿಗೆ ಹೋಗಿ, ಯಾರೂ ಕೇಳದಿದ್ದರೂ, ಓದಿ ಹೇಳಿದ. ಅದು ಒಂದೇ ದಿನದ ಸುಖ. ಮರುದಿನ ಸೀಮೆಸುಣ್ಣ.

ಆಯ್ಪಾಶಾಳ ಮನೆ ಹೊಳೆಯ ಮೇಲಿನ ದಿಣ್ಣೆಯಲ್ಲಿ. ನಾಯಿಗಳು ಜೀಪಿನ ಚಕ್ರ ಕಚ್ಚಲು ಬಂದವು, ಯಾರೂ ಗದರಲಿಲ್ಲ. ಮುದುಕಿ ಬಾಗಿಲ ಮುಂದೆ ಕುಳಿತು ತುಪ್ಪಳ ಬಾಚುವ ಬಾಚಣಿಗೆಯ ಕಬ್ಬಿಣದ ಹಲ್ಲುಗಳನ್ನು ಕಲ್ಲಿಗೆ ಉಜ್ಜುತ್ತಿದ್ದಳು. ಎಪ್ಪತ್ಮೂರಾದರೂ ಬೆನ್ನು ಬಾಗಿರಲಿಲ್ಲ. ಮಗ ಜುಮಾಕಾದಿರ್ ಕಟ್ಟಿಗೆ ಕಡಿಯುತ್ತಿದ್ದವನು ಕೊಡಲಿ ಊರಿ ನಿಂತ, ಹತ್ತಿರ ಬರಲಿಲ್ಲ.

"ಬಂದ್ಯೇನಪ್ಪ ಚಾಕು," ಎಂದಳು ಆಯ್ಪಾಶಾ. "ನಮ್ಮ ಹೋತ ಇನ್ನೂ ಗಂಡಾಗೈತೆ ಅಂತ ನಿದ್ದೆ ಬರ್ಲಿಲ್ವೇನೋ ನಿನಗೆ."

"ಸಲಾಂ ಆಪಾ. ಚೆನ್ನಾಗಿದ್ದೀರಾ?" ಎಂದ ಎರ್ಗೆಶ್, ತಾಯಿಯನ್ನು ಕರೆಯುವ ಮಾತಿನಿಂದಲೇ.

"ನೀನು ಬರೋವರ್ಗೂ ಚೆನ್ನಾಗಿದ್ದೆ." ಸಾಲ್ಟಾನತ್ ಕಡೆ ತಿರುಗಿ ದನಿ ಬದಲಿಸಿದಳು. "ಬಾ ಮಗಳೇ, ಚಳೀಲಿ ಬಂದಿದೀಯ. ಒಳಗೆ ಬಾ. ಅವನೂ ಬರ್ಲಿ, ರೊಟ್ಟಿಗೆ ಯಾರ ಮೇಲೂ ಹಗೆ ಇಲ್ಲ."

ಒಳಗೆ ರೊಟ್ಟಿ, ಕೆನೆ, ಉಪ್ಪು ಹಾಕಿದ ಚಹ. ಸಾಲ್ಟಾನತ್‌ಗೆ ಬಟ್ಟಲಿನ ಅರ್ಧಕ್ಕೆ ಸುರಿದಳು, ಮುಗಿದಂತೆ ಮತ್ತೆ ಅರ್ಧ, ಮತ್ತೆ ಅರ್ಧ. ಕೂತಿರು ಮಗಳೇ, ನಾನು ಸುರಿಯುತ್ತಿರುತ್ತೇನೆ ಎಂಬಂತೆ. ಎರ್ಗೆಶ್‌ನ ಬಟ್ಟಲನ್ನು ಅಂಚಿನವರೆಗೆ ತುಂಬಿಸಿ ಮುಂದೆ ತಳ್ಳಿದಳು. ತುಂಬಿದ ಬಟ್ಟಲು ಎಂದರೆ ಕುಡಿದು ಎದ್ದು ನಡೆ. ಸಾಲ್ಟಾನತ್ ನಗರದವಳು, ಅವಳಿಗೆ ತಿಳಿಯಿತೋ ಇಲ್ಲವೋ. ಜುಮಾಕಾದಿರ್‌ಗೆ ತಿಳಿಯಿತು, ಮೀಸೆಯಡಿ ನಕ್ಕ. ಎರ್ಗೆಶ್ ಬಟ್ಟಲನ್ನು ಎತ್ತಲಾರದೆ, ಬಗ್ಗಿ ತುಟಿಯನ್ನೇ ಅದರ ಬಳಿ ಒಯ್ದು ಹೀರಿದ, ಬಾಯಿ ಸುಟ್ಟಿತು. ಈ ಮುದುಕಿಗೆ ತನ್ನ ಮೇಲಿರುವ ಹಗೆ ನ್ಯಾಯವಾದದ್ದು ಎಂದು ಗೊತ್ತಿದ್ದೂ ಅವನಿಗೆ ಅವಳ ಮೇಲೆ ಮೈಯೆಲ್ಲ ಉರಿಯುತ್ತಿತ್ತು. ನ್ಯಾಯವಾದ ಹಗೆಯಷ್ಟು ಅಸಹ್ಯ ಬೇರೆ ಇಲ್ಲ, ಅದಕ್ಕೆ ಎದುರು ಹೇಳುವ ಹಾಗಿಲ್ಲ.

ಎಂಬತ್ತೈದರಲ್ಲಿ ಅವನು ಕೂತದ್ದು ಈ ಕೋಣೆಯಲ್ಲಲ್ಲ, ಮೇಯಿಸುವ ಕಾಲ ಮುಗಿದರೂ ಬಿಚ್ಚಿರದ ಬೇಸಿಗೆಯ ಗುಡಾರದಲ್ಲಿ. ಹಾಸಿಗೆ ರಜಾಯಿಗಳನ್ನು ಆಳೆತ್ತರ ಪೇರಿಸಿದ್ದರು. ತಾಷ್ತಾನ್, ಈ ಆಯ್ಪಾಶಾಳ ಗಂಡ, ಕೊಲ್ಖೋಜಿನ ಹಿರಿಯ ಮೇಕೆಗಾರ, "ಎಲ್ಲಾ ಹೋತಾನೂ ಕೊಟ್ಟಾಯ್ತು ಮಗಾ, ಲೆಕ್ಕ ನೋಡ್ಕೋ" ಎಂದಿದ್ದ. ಆಗಲೂ ಇದೇ ರೊಟ್ಟಿ, ಇದೇ ಕೆನೆ. ಆಗ ಬಟ್ಟಲು ಅರ್ಧಕ್ಕೇ ಇತ್ತು. ಎರ್ಗೆಶ್ ರೊಟ್ಟಿ ಮುರಿದು ಬಾಯಿಗಿಟ್ಟವನು ಅಗಿಯುವುದನ್ನು ನಿಲ್ಲಿಸಿದ. ಹೋತದ ನಾತ. ಬೆದೆಯ ಕಾಲದ ಹೋತದ ನಾತವನ್ನು ರಜಾಯಿಯಲ್ಲಿ ಮುಚ್ಚಿಡಲಾಗುತ್ತದೆಯೇ. ಅವನು ಎದ್ದು ಒಂದೊಂದೇ ರಜಾಯಿ ತೆಗೆದು ನೆಲಕ್ಕೆ ಹಾಕಿದ. ಆಯ್ಪಾಶಾಳ ಮದುವೆಯ ರಜಾಯಿಗಳು, ಕೆಂಪು ನೀಲಿ. ಹಿಂದೆ, ಮೂತಿ ಕಟ್ಟಿಸಿಕೊಂಡು, ಕಂದು ಹೋತ ಮಲಗಿತ್ತು. ಅಲ್ಲಿಗೆ ಬಿಡಬಹುದಿತ್ತು. ಮೇಲಿನವರು ಯಾರೂ ನೋಡಿರಲಿಲ್ಲ. ಬಿಡಲಿಲ್ಲ, ಸಾಲದ್ದಕ್ಕೆ ಸಹಾಯಕನಿಗೆ ಹೇಳುವ ಬದಲು ತಾಷ್ತಾನ್‌ಗೇ ಹೇಳಿದ, ನೀನೇ ಕಾಲು ಹಿಡಿ. ತಂದೆಯ ವಯಸ್ಸಿನವನು. ತಾಷ್ತಾನ್ ಮಂಡಿಯೂರಿ ಹಿಡಿದ. ಹಿಡಿದು ಕತ್ತು ತಗ್ಗಿಸಿದ. "ಬೇಗ ಮುಗ್ಸು ಮಗಾ, ಅದಕ್ಕೆ ನೋಯ್ತದೆ." ಅಷ್ಟೇ ಅಂದದ್ದು. ಆಮೇಲೆ ಎರ್ಗೆಶ್ ಕೈ ತೊಳೆದು ಕುಳಿತು ಮಿಕ್ಕ ರೊಟ್ಟಿ ತಿಂದ. ಅವಮಾನ ಮಾಡಿದ್ದು ಸಾಲದೆಂದು ಊಟವನ್ನೂ ಮುಗಿಸಿ ಎದ್ದ. ಆ ರೊಟ್ಟಿಯ ನೆನಪು ಅವನನ್ನು ಬೀಜ ತೆಗೆದ ನೆನಪಿಗಿಂತ ಹೆಚ್ಚು ಕಾಡುತ್ತದೆ, ಯಾಕೆಂದು ಅವನಿಗೇ ತಿಳಿಯದು.

"ಅಜ್ಜೀ, ಕಾಗದದಲ್ಲಿ ಬಂದಿರೋದು ಇದು," ಎಂದು ಸಾಲ್ಟಾನತ್ ಹಾಳೆ ಬಿಡಿಸಿದಳು. "ನಿಮ್ಮ ಬಿಳಿ ಹೋತ ಇಡೀ ಕಣಿವೆಗೇ ಮೊದಲು. ಇದಕ್ಕೇ ಎಲ್ಲಾ ಹೆಣ್ಣು ಮೇಕೆ ಬಿಡ್ತೀವಿ, ಮರಿಗಳನ್ನ ಒಳ್ಳೇ ದರಕ್ಕೆ ನಾವೇ ಕೊಂಡ್ಕೋತೀವಿ. ಆದರೆ ಹಿಂಡಲ್ಲಿ ಬೇರೆ ಬೀಜದ ಹೋತ ಇರಬಾರದು. ಕಂದು ಹೋತದ ಬೀಜ ಇವತ್ತೇ ತೆಗೀಬೇಕು. ಅದು ನಿಯಮ."

ಆಯ್ಪಾಶಾ ಹಾಳೆಯನ್ನು ನೋಡಲಿಲ್ಲ. "ಬಿಳೀದು ಮೊದಲೇ? ನಿನ್ನ ಕಾಗದಕ್ಕೆ ಜ್ವರ ಬಂದೈತೆ ಮಗಳೇ."

"ಯಂತ್ರ ಅಳೆದಿರೋದು ಅಜ್ಜಿ."

"ಯಂತ್ರಕ್ಕೆ ತುಟಿ ಐತಾ?"

"ಆಪಾ, ಬಿಡು," ಎಂದ ಜುಮಾಕಾದಿರ್ ಬಾಗಿಲಿನಿಂದ. ಅವನಿಗೆ ಯೋಜನೆ ಬೇಕಿತ್ತು. ಹೋದ ವರ್ಷ ಮೂರು ಚೀಲ ತುಪ್ಪಳವನ್ನು ಕೊಳ್ಳುವವರಿಲ್ಲದೆ ವಾಪಸು ಹೊತ್ತು ತಂದಿದ್ದ. "ಯಾವ್ದಾದ್ರೂ ಒಂದು ಮೊದಲು ಬಂತಲ್ಲ, ನಮ್ಮ ಹಿಂಡಲ್ಲೇ ಬಂತಲ್ಲ. ಸಾಕು."

"ನಿಮ್ಮಪ್ಪ ರಜಾಯಿ ಹಿಂದೆ ಬಚ್ಚಿಟ್ಟಿದ್ದು ಬಿಳೀದನ್ನಲ್ಲ ಕಣೋ." ಈಗ ಅವಳು ಎರ್ಗೆಶ್‌ನನ್ನೇ ನೋಡಿದಳು. "ಇವನು ಆವತ್ತು ಚಾಕು ಮಸೆಯೋ ಹೊತ್ತಿಗೆ ನಮ್ಮ ಹೋತ ತನ್ನ ಕೆಲಸ ಮುಗಿಸಿತ್ತು. ನಾಲ್ಕು ಹೆಣ್ಣು ಮೇಕೆ ಗಬ್ಬ ಇದ್ವು. ಅದರ ಕುಡಿ ಇದು. ಮೂಗಿತ್ತು, ನಾತ ಹಿಡ್ದ. ಹೊಟ್ಟೆ ಒಳಗಿದ್ದದ್ದು ಕಾಣ್ಲಿಲ್ಲ ನಿನಗೆ, ಅಲ್ವೇನಪ್ಪ?"

ಇದು ಅವನಿಗೆ ಗೊತ್ತಿರಲಿಲ್ಲ. ಕಂದು ಹೋತ ಎಲ್ಲೋ ಪಕ್ಕದ ಕಣಿವೆಯಿಂದ ಬಂದದ್ದಿರಬೇಕೆಂದುಕೊಂಡಿದ್ದ. ಬಟ್ಟಲಿನ ತಳದ ಉಪ್ಪುಚಹವನ್ನು ಒಂದೇ ಗುಟುಕಿಗೆ ನುಂಗಿ ಎದ್ದು, ಪ್ರಾಣಿಗಳನ್ನು ಸಿದ್ಧಮಾಡುತ್ತೇನೆಂದು ಹೊರಗೆ ಬಂದ.

ದೊಡ್ಡಿಯಲ್ಲಿ ಎರಡೂ ಹೋತಗಳು ಬೇರೆ ಬೇರೆ ಗೂಟಕ್ಕೆ. ಎರಡರ ಹೊಟ್ಟೆಯ ಕೆಳಗೂ ಬೇಸಿಗೆಯಿಂದ ಕಟ್ಟಿದ ಕಂಬಳಿತುಂಡಿನ ಹೊಟ್ಟೆಪಟ್ಟಿ, ಕಾಲಕ್ಕೆ ಮೊದಲು ಹೆಣ್ಣಿನ ಮೇಲೆ ಏರದ ಹಾಗೆ. ಗೋಡೆಯಾಚೆ ಹೆಣ್ಣು ಮೇಕೆಗಳು ಬೆದೆಗೆ ಬಂದು ಅರಚುತ್ತಿದ್ದವು. ಪಟ್ಟಿ ಬಿಚ್ಚುವ ದಿನ ಇದೇ. ಇವತ್ತು ಬಿಟ್ಟರೆ ಮರಿಗಳು ಹುಲ್ಲು ಚಿಗುರುವ ಹೊತ್ತಿಗೆ ಸರಿಯಾಗಿ ಬೀಳುತ್ತವೆ. ಎರ್ಗೆಶ್ ಹಿಂದೆ ತಿರುಗಿ ನೋಡಿದ. ಯಾರೂ ಬಂದಿರಲಿಲ್ಲ. ಬಿಳಿಯದರ ಪಕ್ಕೆಗೆ ಕೈಹಾಕಿ ಮೇಲಿನ ಒರಟುಕೂದಲನ್ನು ಸರಿಸಿ ಒಳಗಿನ ತುಪ್ಪಳದ ಒಂದು ಕುಚ್ಚು ಕಿತ್ತ. ಕಣ್ಣಿಗೆ ಹಿಮದಷ್ಟು ನಯ. ಕೈ ಮೋಸ ಹೋಗುತ್ತದೆ, ಕಣ್ಣು ಇನ್ನೂ ಹೆಚ್ಚು ಮೋಸ ಹೋಗುತ್ತದೆ, ಬಣ್ಣ, ಜಿಡ್ಡು, ಉದ್ದ ಎಲ್ಲವೂ ಸುಳ್ಳು ಹೇಳುತ್ತವೆ, ಅದಕ್ಕೇ ಯಂತ್ರ. ಇದನ್ನು ಅವನೇ ಎಷ್ಟು ಜನಕ್ಕೆ ಬೋಧಿಸಿಲ್ಲ. ಕುಚ್ಚನ್ನು ಕೆಳತುಟಿಯ ಮೇಲೆ ಎಳೆದ. ನಯ ನೋಡಲು ಹೆಂಗಸರು ಮಾಡುವ ಕೆಲಸ, ಹುಟ್ಟಿದಾಗಿನಿಂದ ಅವನು ಮಾಡಿದ್ದಿಲ್ಲ. ಚುಚ್ಚಿತು. ಸಣ್ಣಗೆ, ಆದರೆ ಚುಚ್ಚಿತು. ಕಂದಿನದನ್ನು ಕಿತ್ತು ಎಳೆದ. ಏನೂ ತಿಳಿಯಲಿಲ್ಲ. ಮತ್ತೆ ಎಳೆದ. ಬೆರಳುಗಳ ನಡುವೆ ತುಪ್ಪಳ ಇದೆ, ತುಟಿಗೆ ಇಲ್ಲ. ತುಟಿ ಮರಗಟ್ಟಿದೆಯೇನೋ ಎಂದು ಬಿಳಿಯದನ್ನು ಮತ್ತೆ ಎಳೆದು ನೋಡಿದ, ಅದು ಮತ್ತೆ ಚುಚ್ಚಿತು. ಹಾಗಾದರೆ ಕಲ್ಪಾಕ್ ತಿರುಗಿತ್ತು. ಅವನು ಎರಡೂ ಕುಚ್ಚುಗಳನ್ನು ನೆಲಕ್ಕೆ ಹಾಕಿ ಬೂಟಿನಿಂದ ಸಗಣಿಯೊಳಕ್ಕೆ ತುಳಿದ.

ಈಗ ಗೊತ್ತಾಗಿದೆ. ಒಂಬತ್ತು ದಿನ, ಗೊತ್ತಿಲ್ಲ ಎಂಬುದನ್ನೇ ಹೊದ್ದು ಮಲಗಿದ್ದ, ಈಗ ಅದೂ ಇಲ್ಲ. ಆದರೂ ಚೀಲ ಬಿಚ್ಚಿ ಚಾಕು ತೆಗೆದ, ಸ್ಪಿರಿಟ್ಟಿನಲ್ಲಿ ಅದ್ದಿದ, ಕೈ ಒರೆಸಿಕೊಂಡ. ಕೈಗಳು ತಮ್ಮ ಪಾಡಿಗೆ ತಾವು ಕೆಲಸ ಮಾಡುತ್ತಿದ್ದವು. ಹೇಳಿದರೆ ಏನಾಗುತ್ತದೆ ಎಂದು ಅವನಿಗೆ ಚೆನ್ನಾಗಿ ಗೊತ್ತಿತ್ತು: ಒಂದು ಚೀಲ ತಪ್ಪಿದ್ದರೆ ಮುನ್ನೂರ ಹನ್ನೆರಡನ್ನೂ ಯಾರು ನಂಬುತ್ತಾರೆ. ಹೇಳದಿದ್ದರೆ ಏನಾಗುತ್ತದೆ ಎಂಬುದೂ ಗೊತ್ತಿತ್ತು. ಏನೂ ಆಗುವುದಿಲ್ಲ. ಕಂದು ಹೋತ ನಾಲ್ಕು ದಿನ ಕುಂಟುತ್ತದೆ, ಆಮೇಲೆ ಕೊಬ್ಬುತ್ತದೆ, ಚಳಿಗಾಲದಲ್ಲಿ ಕೊಯ್ದು ತಿನ್ನುತ್ತಾರೆ. ಕಣಿವೆ ತುಂಬ ಬಿಳಿಯ ಮರಿಗಳು. ಮೂರು ವರ್ಷದ ಮೇಲೆ ತುಪ್ಪಳ ಒರಟಾಗಿ ಬಂದರೆ ಹವೆ ಸರಿಯಿಲ್ಲ, ಮೇವು ಸರಿಯಿಲ್ಲ ಎನ್ನಬಹುದು. ಅಷ್ಟರಲ್ಲಿ ಅವನ ನಿವೃತ್ತಿ. ಚಹದಂಗಡಿಯಲ್ಲಿ ಓದಿದ ಹಾಳೆ ನಿಜವಾಗಿಯೇ ಉಳಿಯುತ್ತದೆ. ಆ ಮುದುಕಿ ಸಾಯುವವರೆಗೆ ಬೈಯುತ್ತಾಳೆ, ಈಗ ಮಾಡುತ್ತಿರುವುದೂ ಅದನ್ನೇ.

ಎಲ್ಲರೂ ಬಂದರು. ಸಾಲ್ಟಾನತ್ ಕಡತ ಹಿಡಿದು ನಿಂತಳು. ಆಯ್ಪಾಶಾ ಬರಲಾರಳು ಎಂದುಕೊಂಡಿದ್ದ, ಬಂದಳು, ಬಂದು ಗೂಟಕ್ಕೆ ಬೆನ್ನು ಕೊಟ್ಟಳು. ಜುಮಾಕಾದಿರ್ ಕಂದು ಹೋತವನ್ನು ಕೆಡವಿ, ಮಂಡಿಯೂರಿ, ನಾಲ್ಕು ಕಾಲನ್ನೂ ಎರಡು ಮುಷ್ಟಿಯಲ್ಲಿ ಕೂಡಿಸಿ ಹಿಡಿದ. ಹೋತ ಒಂದು ಸಲ ಕೂಗಿ ಸುಮ್ಮನಾಯಿತು. ಎರ್ಗೆಶ್ ಎದುರು ಕುಳಿತು ಹೊಟ್ಟೆಪಟ್ಟಿಯನ್ನು ಮೇಲಕ್ಕೆ ಸರಿಸಿದ. ಬೆಚ್ಚಗಿತ್ತು. ತಲೆ ಎತ್ತಿದರೆ ಜುಮಾಕಾದಿರ್‌ನ ಕತ್ತು. ಬೋಳಿಸಿದ ತಲೆಯ ಕೆಳಗೆ, ತಗ್ಗಿಸಿದಾಗ ಎರಡು ಮಡಿಕೆ ಬೀಳುವ ಕತ್ತು. ತಾಷ್ತಾನನದೇ. ಆವತ್ತೂ ಹೀಗೇ ಇದು ಕಣ್ಣ ಮುಂದೆ ಒಂದು ಮೊಳ ದೂರದಲ್ಲಿತ್ತು, ಬೆವರಿತ್ತು, ಅದರ ಮೇಲೊಂದು ನೊಣ ಕೂತಿತ್ತು, ಓಡಿಸಲು ತಾಷ್ತಾನನಿಗೆ ಕೈ ಬಿಡುವಿರಲಿಲ್ಲ. ಆ ನೊಣವನ್ನು ಎರ್ಗೆಶ್ ಓಡಿಸಬಹುದಿತ್ತು.

"ಕಣ್ಣು ಎಲ್ಲೋ ಐತಲ್ಲ ಅಕೆ," ಎಂದ ಜುಮಾಕಾದಿರ್. "ನನ್ನ ಬೆರಳು ಕುಯ್ದುಬಿಟ್ಟೀರಿ. ಅದಕ್ಕೆ ನಂಬರು ಇಲ್ಲ."

ಸಾಲ್ಟಾನತ್ ನಕ್ಕಳು. ನಗಬಾರದಿತ್ತೆಂದು ತಕ್ಷಣ ಬಾಯಿ ಮುಚ್ಚಿದಳು.

"ಇದಲ್ಲ," ಎಂದ ಎರ್ಗೆಶ್.

"ಏನು?"

"ಇದಲ್ಲ. ಹದಿನಾಲ್ಕು ಇದರದ್ದು. ಚೀಲ ಅದಲುಬದಲಾಗಿದೆ." ಮಾತು ಬಾಯಿಂದ ಬಿದ್ದ ಮೇಲೆ ನಿಲ್ಲಲಿಲ್ಲ. ಕಲ್ಪಾಕ್, ಬಲಮಡಿಕೆ, ಎಡಮಡಿಕೆ, ಕತ್ತರಿ ಮೊದಲು ಪೆನ್ನು ಆಮೇಲೆ, ಎಲ್ಲ ಹೇಳಿದ. ಹೇಳುತ್ತಿರುವಾಗಲೇ, ಇಷ್ಟು ಹೇಳಿದ ಮೇಲಾದರೂ ಬಾಯಿ ಮುಚ್ಚಬೇಕಿದ್ದವನು, ಇನ್ನೊಂದು ಮಾತು ಆಡಿದ. "ನಾನು ಪಕ್ಕದಲ್ಲೇ ಇಟ್ಟುಕೊಂಡಿದ್ದೆ. ಆಪಾನೇ ಎತ್ತಿ ಗೂಟಕ್ಕೆ ಇಟ್ಟಿದ್ದು. ಅಲ್ಲಿಂದ ತಗೊಂಡಾಗ ತಿರುಗಿಹೋಗಿದೆ."

ಆಡಿದ ಮೇಲೆ ಅದರ ಕೊಳಕು ಅವನಿಗೇ ಕಂಡಿತು.

ಆಯ್ಪಾಶಾ ಗೂಟದಿಂದ ಬೆನ್ನು ತೆಗೆದಳು. "ನೆಲದ ಮೇಲಿತ್ತು," ಎಂದಳು ಮೆಲ್ಲಗೆ. "ಕಲ್ಪಾಕ್ ನೆಲದ ಮೇಲಿದ್ರೆ ಎತ್ತಬೇಕು ಅಂತ ನಮ್ಮವ್ವ ಹೇಳಿಕೊಟ್ಟಿದ್ಲು. ಯಾರ ತಲೇದು ಅಂತ ನೋಡಿ ಎತ್ತು ಅಂತ ಹೇಳಿಕೊಟ್ಟಿರ್ಲಿಲ್ಲ. ಅದೊಂದು ತಪ್ಪಾಯ್ತು ನಂದು."

"ಯಾವಾಗಿಂದ ಗೊತ್ತು ನಿಮಗೆ?" ಸಾಲ್ಟಾನತ್‌ಳ ದನಿಯಲ್ಲಿ ಅಕೆ ಎಂಬುದು ಬಿಟ್ಟುಹೋಗಿತ್ತು.

"ಒಂಬತ್ತು ದಿನ ಆಯ್ತು."

"ಒಂಬತ್ತು ದಿನ. ಜೀಪಲ್ಲಿ ಮೂರು ಗಂಟೆ ನನ್ನ ಪಕ್ಕ ಕೂತಿದ್ರಿ. ಚಾಕು ಹೊರಗೆ ತೆಗೆದ ಮೇಲೆ ನೆನಪಾಯ್ತಾ?" ಅವಳು ಹಾಳೆಯನ್ನು ಕಡತದಿಂದ ಎಳೆದು, ಅದರ ಮೇಲೆ ಪೆನ್ನಿನಿಂದ ಅಡ್ಡಗೆರೆ ಎಳೆದಳು, ಎರಡು ಸಾಲಿನ ಮೇಲಲ್ಲ, ಇಡೀ ಹಾಳೆಯ ಮೇಲೆ. "ಇನ್ನೂ ಎಷ್ಟು ದೊಡ್ಡೀಲಿ ತಲೇಲಿ ಸಿಕ್ಕಿಸ್ಕೊಂಡಿದ್ರಿ?"

"ಎಲ್ಲಾ ಕಡೆ. ಆದರೆ ಕಲ್ಪಾಕ್ ತೆಗೆದದ್ದು ಇಲ್ಲಿ ಮಾತ್ರ."

"ಅದನ್ನ ನಾನು ಹೇಗೆ ನಂಬಲಿ?"

ಅವಳು ಆಯ್ಪಾಶಾಳ ಕಡೆ ತಿರುಗಿದಳು, ಕಣ್ಣಲ್ಲಿ ನೀರು ಬಂದಿತ್ತು, ಸಿಟ್ಟಿನ ನೀರು. "ಅಜ್ಜೀ, ಎಲ್ಲಾ ಮೊದಲಿಂದ ತೆಗೀಬೇಕು. ಫಲಿತಾಂಶ ಜನವರಿಗೆ. ಅಷ್ಟರಲ್ಲಿ ಬೆದೆ ಮುಗಿದಿರತ್ತೆ. ಈ ವರ್ಷ ನಿಮ್ಮ ಹಿಂಡನ್ನ ಯೋಜನೆಗೆ ಸೇರಿಸೋಕೆ ಆಗಲ್ಲ. ಯಾರ ಹಿಂಡನ್ನೂ ಆಗಲ್ಲ." ಎಂದವಳೇ ಜೀಪಿನ ಕಡೆ ನಡೆದಳು.

ಜುಮಾಕಾದಿರ್ ಹೋತದ ಕಾಲು ಬಿಟ್ಟು ಎದ್ದ. ಅವನ ಮುಖ ಕಪ್ಪಿಟ್ಟಿತ್ತು. "ನಮ್ಮಪ್ಪನ ಕಾಲ್ದಲ್ಲಿ ಬಾಯಿ ಬಿಡಬೇಕಾದಾಗ ಚಾಕು ತೆಗೆದ್ರಿ. ಈಗ ಚಾಕು ಆಡಿಸಿ ಎದ್ದು ಹೋಗಬೇಕಾದಾಗ ಬಾಯಿ ಬಿಟ್ರಿ. ಒಂದ್ಸಲನಾದ್ರೂ ನಮಗೆ ಉಪಯೋಗಕ್ಕೆ ಬಂದಿದ್ದುಂಟಾ ನಿಮ್ಮಿಂದ?" ಉತ್ತರಕ್ಕೆ ಕಾಯದೆ ಸಾಲ್ಟಾನತ್‌ಳ ಹಿಂದೆ ಓಡಿದ, ತಂಗೀ, ತಡೀರಿ, ಬಿಳೀದಾದ್ರೂ ಆಗಲಿ ಎನ್ನುತ್ತ.

ಸತ್ಯ ಹೇಳಿದರೆ ಎದೆ ಹಗುರಾಗುತ್ತದೆ ಎನ್ನುತ್ತಾರೆ. ಹೇಳಿದವರು ಯಾರೋ. ಎರ್ಗೆಶ್ ಕುಳಿತಲ್ಲೇ ಕುಳಿತಿದ್ದ, ಚಾಕುವನ್ನು ಎಲ್ಲಿಡುವುದೆಂದು ತಿಳಿಯದೆ. ತಾನು ಈ ಕುಡಿಯನ್ನು ಉಳಿಸಿದೆ ಎಂದು ಯಾರಾದರೂ ಒಂದು ಮಾತು ಅನ್ನಬಹುದು ಎಂಬ ಆಸೆ, ನಾಚಿಕೆಗೆಟ್ಟ ಆಸೆ, ಇನ್ನೂ ಇತ್ತು. ಕಂದು ಹೋತ ಎದ್ದು ಮೈ ಕೊಡವಿ, ಗೋಡೆಯಾಚೆಯ ಅರಚಾಟಕ್ಕೆ ಕಿವಿ ನಿಮಿರಿಸಿ, ಹಗ್ಗ ಜಗ್ಗುತ್ತಿತ್ತು.

"ಚಾಕು ಚೀಲಕ್ಕೆ ಹಾಕು," ಎಂದಳು ಆಯ್ಪಾಶಾ. "ಕಾಲು ಹಿಡ್ಕೋ."

"ಆಪಾ?"

"ಪಟ್ಟಿ ಬಿಚ್ಚಬೇಕು. ಗಂಟು ಬಿಗಿದೈತೆ, ಒದೀತದೆ. ಹಿಡ್ಕೋ. ನನ್ನ ಹಿಂಡಿಗೆ ಜನವರಿವರ್ಗೂ ಕಾಯೋಕಾಗಲ್ಲ."

ಅವನು ಹೋತವನ್ನು ಕೆಡವಿದ. ಮಂಡಿಯೂರಿ ನಾಲ್ಕು ಕಾಲನ್ನೂ ಕೂಡಿಸಿ ಹಿಡಿದ. ಮೂವತ್ತು ವರ್ಷ ಚಾಕುವಿನ ಕಡೆಯೇ ಕೂತವನು, ಈ ಕಡೆ ಎಂದೂ ಕೂತಿರಲಿಲ್ಲ. ಗೊರಸಿನ ಮೇಲಿನ ಎಲುಬು ಅಂಗೈಗೆ ಒತ್ತುತ್ತಿತ್ತು, ಪ್ರಾಣಿಯ ನಡುಕ ಮೊಣಕೈವರೆಗೆ ಏರಿ ಬರುತ್ತಿತ್ತು. ಹಿಡಿದವನಿಗೆ ಇಷ್ಟೆಲ್ಲ ಗೊತ್ತಾಗುತ್ತದೆ ಎಂದು ತಾಷ್ತಾನ್ ಹೇಳಿರಲಿಲ್ಲ. ಕತ್ತು ತಾನಾಗಿಯೇ ತಗ್ಗಿತು. ಆಯ್ಪಾಶಾ ಎದುರು ಕುಳಿತು ಗಂಟಿಗೆ ಉಗುರು ಹಾಕಿದಳು, ಬಿಚ್ಚಲಿಲ್ಲ, ಬಗ್ಗಿ ಹಲ್ಲು ಹಾಕಿದಳು. ಹೊಳೆಯ ಕಡೆಯಿಂದ ಗಾಳಿ ಎದ್ದು ಅವನ ಕಲ್ಪಾಕ್ ತಲೆಯಿಂದ ಕಳಚಿ ಬಿದ್ದು, ಒಂದು ಸುತ್ತು ಉರುಳಿ, ಹಿಕ್ಕೆಗಳ ನಡುವೆ ಅಂಚು ಮೇಲಾಗಿ ನಿಂತಿತು. ಬೋಳುತಲೆಗೆ ಚಳಿ ಬಡಿಯಿತು. ಅವನು ಕೈ ಬಿಡುವ ಹಾಗಿರಲಿಲ್ಲ.

ಗಂಟು ಬಿಚ್ಚಿತು. ಅವಳು ಕಂಬಳಿತುಂಡನ್ನು ಎಳೆದು ಹೆಗಲಿಗೆ ಹಾಕಿಕೊಂಡಳು, ಹಗ್ಗ ಬಿಚ್ಚಿದಳು, "ಬಿಡು" ಎಂದಳು. ಬಿಟ್ಟ. ಕಂದು ಹೋತ ನೆಗೆದು, ತೆರೆದ ಬಾಗಿಲಿನಿಂದ ಹೆಣ್ಣುಗಳ ನಡುವೆ ಹೋಯಿತು. ಆಯ್ಪಾಶಾ ಮಂಡಿಗೆ ಕೈಯೂರಿ ಎದ್ದು ನಿಂತು ನೆಲದ ಮೇಲಿದ್ದ ಕಲ್ಪಾಕನ್ನು ನೋಡಿದಳು. ಆಮೇಲೆ ಅದನ್ನು ತುಳಿಯದೆ, ದಾಟದೆ, ಸುತ್ತು ಹಾಕಿಕೊಂಡು ಮನೆಯ ಕಡೆ ಹೋದಳು.